ಹಿಮದಲ್ಲಿಟ್ಟ ಮೂವರು

ಮನೆಯಲ್ಲಿ ಗದ್ದಲವಿದ್ದರೆ ಜೋಸೆಟ್ ಮಿಕಾಲೆಫ್‌ಗೆ ಭಯವಿಲ್ಲ, ಸದ್ದಡಗಿದರೆ ಭಯ. ಮಗಳು ಮರಿಸಾ ಬಾಗಿಲನ್ನು ಧಡಾರನೆ ಹಾಕಲಿ, ಟೀವಿ ಜೋರಾಗಿಡಲಿ, ಅಪ್ಪನ ಜೊತೆ ಜಗಳ ಕಾಯಲಿ, ಜೋಸೆಟ್ ತನ್ನ ಪಾಡಿಗೆ ತಾನು ಈರುಳ್ಳಿ ಹೆಚ್ಚುತ್ತಿರುತ್ತಿದ್ದಳು. ಸ್ವಲ್ಪ ಹೊತ್ತು ಮನೆ ಸುಮ್ಮನಾಯಿತೋ, ಚಾಕು ಅಲ್ಲೇ ಬಿಟ್ಟು ಓಡುತ್ತಿದ್ದಳು.

"ಮರಿಸಾ! ಏ ಮರಿಸಾ!"

"ಏನಮ್ಮಾ? ಬದುಕಿದೀನಿ. ಹೋಮ್‌ವರ್ಕ್ ಮಾಡ್ತಿದೀನಿ."

"ಹಾಗೆಲ್ಲ ಮಾತಾಡ್ಬೇಡ."

"ಮತ್ತೆ ನೀನು ಕೇಳಿದ್ದು ಅದನ್ನೇ ತಾನೆ?"

ಮರಿಸಾಗೆ ಸಕ್ಕರೆ ಕಾಯಿಲೆ ಬಂದದ್ದು ನಾಲ್ಕನೆಯ ವಯಸ್ಸಿನಲ್ಲಿ. ದೊಡ್ಡವರಿಗೆ ಬರುವಂಥದ್ದಲ್ಲ, ಮಕ್ಕಳಿಗೆ ಬರುವ ಬಗೆ. ಇನ್ಸುಲಿನ್ ಮಾಡುವ ಕೋಶಗಳನ್ನು ಮೈಯೇ ಕೊಂದುಹಾಕುತ್ತದೆ. ಆಮೇಲೆ ಜೀವ ಇರುವವರೆಗೂ ಸೂಜಿ. ಸಕ್ಕರೆ ಏರುತ್ತಾ ಹೋದರೆ ಕಣ್ಣು, ಮೂತ್ರಪಿಂಡ ಒಂದೊಂದಾಗಿ ಕೆಡುತ್ತವೆ. ಇಳಿದರೆ ಅಷ್ಟು ಸಾವಕಾಶವೂ ಇಲ್ಲ. ಹಣೆಯಲ್ಲಿ ಬೆವರು, ಮಾತಿನಲ್ಲಿ ತೊದಲು, ಆಮೇಲೆ ಕಣ್ಣು ಮೇಲೆ ಸಿಕ್ಕಿಕೊಳ್ಳುತ್ತದೆ. ಇಂಥ ಮಕ್ಕಳ ತಾಯಂದಿರದೊಂದು ಗುಂಪಿತ್ತು. ಜೋಸೆಟ್ ಅಲ್ಲಿಗೆ ಹೋಗುತ್ತಿದ್ದಳು. ಆ ಗುಂಪಿನ ಒಬ್ಬಾಕೆ ಒಂದು ಬೆಳಿಗ್ಗೆ ಎಬ್ಬಿಸಲು ಹೋದಾಗ ಮಗಳು ಏಳಲೇ ಇಲ್ಲ. ಆಕೆ ಮತ್ತೆ ಗುಂಪಿಗೆ ಬರಲಿಲ್ಲ. ಅಂದಿನಿಂದ ಜೋಸೆಟ್ ಪ್ರತಿ ಬೆಳಿಗ್ಗೆ ಮರಿಸಾಳ ಕೋಣೆಯ ಬಾಗಿಲಿಗೆ ಕೈಯಿಟ್ಟು ನಿಲ್ಲುತ್ತಿದ್ದಳು. ದೂಡುವುದಕ್ಕೆ ಧೈರ್ಯ ಒಟ್ಟುಮಾಡಿಕೊಳ್ಳಬೇಕಿತ್ತು.

ಅವರಿದ್ದದ್ದು ಮೆಲ್ಬರ್ನಿನ ಪಶ್ಚಿಮಕ್ಕೆ, ಸೇಂಟ್ ಆಲ್ಬನ್ಸ್‌ನಲ್ಲಿ. ಗಂಡ ಚಾರ್ಲಿಗೆ ಟೈರ್ ಅಂಗಡಿಯಲ್ಲಿ ಕೆಲಸ. ಅವನ ತಾಯಿ ಕರ್ಮೆನಾ ಹಿಂದಿನ ಬೀದಿಯಲ್ಲೇ ಇದ್ದಳು. ಮಾಲ್ಟಾದಿಂದ ಹಡಗಿನಲ್ಲಿ ಬಂದು, ಕೋಸು ಬೆಳೆದು, ನಾಲ್ಕು ಮಕ್ಕಳನ್ನು ಸಾಕಿ, ಗಂಡನನ್ನು ಮಣ್ಣು ಮಾಡಿದ ಹೆಂಗಸು. ದಿನವೂ ಮಧ್ಯಾಹ್ನ ತರಕಾರಿ ಸಾರಿನ ಪಾತ್ರೆಯನ್ನು ಟವೆಲಿನಲ್ಲಿ ಸುತ್ತಿ ತರುತ್ತಿದ್ದಳು. ಎಲ್ಲದಕ್ಕೂ ಕೈ ಹಾಕುವವಳು ಸೂಜಿ ಕಂಡರೆ ಮಾತ್ರ ಮುಖ ತಿರುಗಿಸುತ್ತಿದ್ದಳು.

ಮರಿಸಾ ಹುಟ್ಟಿದ್ದು ತನ್ನ ಹರಕೆಯಿಂದ ಎಂದು ಕರ್ಮೆನಾ ನಂಬಿದ್ದಳು. ಮದುವೆಯಾಗಿ ಒಂಬತ್ತು ವರ್ಷ ಸೊಸೆಯ ಮಡಿಲು ತುಂಬದಿದ್ದಾಗ ಅವಳು ಬಾಕಸ್ ಮಾರ್ಷ್ ಬಳಿಯ ಗುಡ್ಡವನ್ನು ಬರಿಗಾಲಲ್ಲಿ ಹತ್ತಿ, ಅಲ್ಲಿನ ಮಾತೆ ಮರಿಯಳ ಪ್ರತಿಮೆಯ ಮುಂದೆ ಮಂಡಿಯೂರಿ ಅತ್ತಿದ್ದಳು. ಮುಂದಿನ ವರ್ಷ ಮರಿಸಾ. ಅದೇ ತಿಂಗಳುಗಳಲ್ಲಿ ಚಾರ್ಲಿ, ಜೋಸೆಟ್ ಇಬ್ಬರೂ ಪ್ರನಾಳ ಶಿಶು ಮಾಡುವ ಕ್ಲಿನಿಕ್ಕಿಗೆ ಓಡಾಡುತ್ತಿದ್ದರೆಂಬುದು ಅವಳಿಗೆ ಗೊತ್ತಿರಲಿಲ್ಲ. ಅದು ಪಾಪವೆಂದು ಚರ್ಚು ಹೇಳುತ್ತಿತ್ತು. "ಅಮ್ಮನಿಗೆ ಆಮೇಲೆ ಹೇಳಿದ್ರಾಯ್ತು" ಎಂದಿದ್ದ ಚಾರ್ಲಿ. ಆ ಆಮೇಲೆ ಬರಲೇ ಇಲ್ಲ.

ಕ್ಲಿನಿಕ್ಕಿನಲ್ಲಿ ಇನ್ನೂ ಮೂರು ಭ್ರೂಣಗಳು ಹೆಪ್ಪುಗಟ್ಟಿ ಕುಳಿತಿದ್ದವು. ಮರಿಸಾಳ ಜೊತೆಗೇ, ಒಂದೇ ದಿನ ಮಾಡಿದವು. ಹೆರಿಗೆಯಲ್ಲಿ ರಕ್ತ ನಿಲ್ಲದೆ ಜೋಸೆಟ್‌ಳ ಗರ್ಭಕೋಶ ತೆಗೆಯಬೇಕಾಯಿತು. ಅವುಗಳನ್ನು ಹೊರಲು ಅವಳಲ್ಲಿ ಜಾಗವಿರಲಿಲ್ಲ. ಎಸೆಯಲು ಮನಸ್ಸೂ ಇರಲಿಲ್ಲ. ಹಾಗೇ ಇದ್ದವು.

2002ರಲ್ಲಿ, ಮರಿಸಾಗೆ ಹನ್ನೊಂದಾಗಿದ್ದಾಗ, ಅಂಥ ಭ್ರೂಣಗಳ ಮಾತು ದೇಶದ ಮಾತಾಯಿತು. ಮಿಕ್ಕುಳಿದ ಭ್ರೂಣಗಳನ್ನು ಸ್ಟೆಮ್ ಸೆಲ್, ಅಂದರೆ ಮೈಯ ಯಾವ ಕೋಶವಾಗಿಯೂ ಬೆಳೆಯಬಲ್ಲ ಮೂಲಕೋಶಗಳ ಸಂಶೋಧನೆಗೆ ಕೊಡಲು ಅವಕಾಶ ನೀಡುವ ಮಸೂದೆ ಕ್ಯಾನ್‌ಬೆರಾದ ಸಂಸತ್ತಿನ ಮುಂದೆ ಬಂದಿತ್ತು. ಅದರಿಂದ ಇನ್ಸುಲಿನ್ ಮಾಡುವ ಕೋಶಗಳನ್ನೇ ಬೆಳೆಸಬಹುದು ಎಂದು ಒಂದು ಕಡೆಯವರು. ಒಂದು ಜೀವ ಉಳಿಸಲು ಇನ್ನೊಂದನ್ನು ಕೊಲ್ಲುವುದೇ ಎಂದು ಇನ್ನೊಂದು ಕಡೆಯವರು. ಪಕ್ಷದ ಕಟ್ಟಳೆಯಿಲ್ಲ, ಸದಸ್ಯರು ಅವರವರ ಮನಸ್ಸಾಕ್ಷಿಯಂತೆ ಮತ ಹಾಕಬಹುದು ಎಂದಾಗಿತ್ತು. ಟೀವಿಯಲ್ಲಿ ಈ ಮಾತು ಬಂದಾಗಲೆಲ್ಲ ಜೋಸೆಟ್ ಚಾನೆಲ್ ಬದಲಿಸುತ್ತಿದ್ದಳು. ಕ್ಲಿನಿಕ್ಕಿನ ನರ್ಸ್ ಫೋನ್ ಮಾಡಿ, ಇನ್ನು ಹೆಚ್ಚು ಕಾಲ ಇಡಲಾಗುವುದಿಲ್ಲ, ಏನಾದರೊಂದು ತೀರ್ಮಾನಿಸಿ ಎಂದಿದ್ದಳು. ಕೊಟ್ಟರೆ ದೇವರು ಮರಿಸಾಳ ಮೇಲೆ ಮುನಿದಾನೆಂಬ ಭಯ. ಕೊಡದಿದ್ದರೆ ಮರಿಸಾಳ ಮದ್ದನ್ನು ತಾನೇ ತಿಪ್ಪೆಗೆ ಹಾಕಿದಂತಾದೀತೆಂಬ ಭಯ.

ಒಂದು ಭಾನುವಾರ ಪೂಜೆ ಮುಗಿಸಿ ಹೊರಬಂದರೆ ಚರ್ಚಿನ ಅಂಗಳದಲ್ಲಿ ಮೇಜು ಹಾಕಿತ್ತು. ಸಂಸತ್ತಿನ ಮೇಲ್ಮನೆಯ ಸೆನೆಟರ್‌ಗಳಿಗೆ ಕಳಿಸುವ ಕಾರ್ಡುಗಳು, 'ಮಸೂದೆಯನ್ನು ತಿರಸ್ಕರಿಸಿ' ಎಂದು ಅಚ್ಚಾದವು. ಮೇಜಿನ ಹಿಂದೆ ಹಬ್ಬದ ಕೋಟು ತೊಟ್ಟು ಕರ್ಮೆನಾ.

"ಬಾ ಬಾ, ಸಹಿ ಹಾಕು," ಎಂದು ಪೆನ್ನು ಚಾಚಿದಳು. ಹಿಂದೆ ಸಾಲು ನಿಂತಿತ್ತು.

"ಅತ್ತೆ, ನಾನು ಇನ್ನೂ ಪೂರ್ತಿ ಓದಿಲ್ಲ."

"ಓದೋದೇನಿದೆ? ಮಕ್ಕಳನ್ನ ಕೊಲ್ಬೇಡಿ ಅಂತ ಇದೆ. ಅದಕ್ಕೂ ಓದ್ಬೇಕಾ?"

ಹಿಂದಿನವರು ನಕ್ಕರು. ಜೋಸೆಟ್‌ಳ ಕಿವಿ ಬಿಸಿಯಾಯಿತು. ಪೆನ್ನು ತೆಗೆದುಕೊಂಡು ಸಹಿ ಹಾಕಿಬಿಟ್ಟಳು. ತಲೆಯೆತ್ತಿದರೆ ಮರಿಸಾ ನೋಡುತ್ತಿದ್ದಳು.

ಕಾರಿನಲ್ಲಿ ಮನೆ ದಾರಿಯ ಅರ್ಧಕ್ಕೆ ಬಂದಾಗ ಹುಡುಗಿ ಕೇಳಿದಳು, "ನಂಗೆ ವಾಸಿಯಾಗೋದು ನಿಂಗೆ ಬೇಡ್ವಾ?"

"ಏನ್ ಮಾತು ಅಂತ ಆಡ್ತೀಯೇ!"

"ಮತ್ತೆ ಸಹಿ ಯಾಕೆ ಹಾಕ್ದೆ? ಅಜ್ಜಿಗೆ ಹೆದರಿ ತಾನೆ? ನೀನು ಎಲ್ಲದಕ್ಕೂ ಹೆದರ್ತೀಯ. ಮುಂದಿನ ವಾರ ನಮ್ಮ ಗುಂಪಿನ ಮಕ್ಕಳೆಲ್ಲ ಕ್ಯಾನ್‌ಬೆರಾಗೆ ಹೋಗ್ತಿದಾರೆ, ಸೆನೆಟರ್‌ಗಳನ್ನ ನೋಡೋಕೆ. ನಾನೂ ಹೋಗ್ತೀನಿ. ನೀನ್ ಬರದಿದ್ರೆ ಬಿಡು."

"ನಿಂಗೇನು ಗೊತ್ತು ನನ್ನ ಕಷ್ಟ!" ಎಂದು ಜೋಸೆಟ್ ಕಿರುಚಿದಳು. ರಸ್ತೆ ಬದಿಗೆ ಕಾರು ನಿಲ್ಲಿಸಿದಳು. ತಡೆಯಲಾಗದೆ ಕ್ಲಿನಿಕ್ಕಿನ ಕಥೆ, ಆ ಮೂರರ ಕಥೆ, ಎಲ್ಲವನ್ನೂ ಸ್ಟಿಯರಿಂಗ್ ನೋಡಿಕೊಂಡೇ ಹೇಳಿಬಿಟ್ಟಳು.

ಮರಿಸಾ ಕಿಟಕಿಯ ಕಡೆ ತಿರುಗಿದಳು. "ಅವ್ರು ನನ್ನ ಥರಾನೇ ಇರ್ತಿದ್ರಾ?"

"ಗೊತ್ತಿಲ್ಲಮ್ಮ."

"ಅಜ್ಜಿಗೆ ಗೊತ್ತಾ?"

"ಗೊತ್ತಿಲ್ಲ. ಹೇಳ್ಬೇಡ."

"ಸರಿ," ಎಂದಳು ಮರಿಸಾ. ಅಜ್ಜಿಗೆ ಅವಳು ಹೇಳಲೂ ಇಲ್ಲ.

ಜೋಸೆಟ್ ಮಗಳ ಜೊತೆ ಹೋದಳು. ಕ್ಯಾನ್‌ಬೆರಾದಲ್ಲಿ ಅವರ ಪಾಲಿಗೆ ಬಂದ ಸೆನೆಟರ್ ತೆಳ್ಳಗಿನ, ಮೆತ್ತಗೆ ಮಾತಾಡುವ ಮುದುಕ. ಮಸೂದೆಗೆ ಅವರ ವಿರೋಧವಿದೆಯೆಂದು ಗುಂಪಿನವರು ಮೊದಲೇ ಎಚ್ಚರಿಸಿದ್ದರು. ಕೋಣೆಯ ಮೂಲೆಯಲ್ಲಿ ರೇಡಿಯೋದ ಹೆಂಗಸೊಬ್ಬಳು ಮೈಕ್ ಹಿಡಿದು ಕುಳಿತಿದ್ದಳು. ಸೆನೆಟರ್ ಮಕ್ಕಳಿಗೆ ಬಿಸ್ಕತ್ತು ಮುಂದಿಟ್ಟು, ತಿನ್ನಬಹುದೋ ಇಲ್ಲವೋ ಎಂದು ಗಾಬರಿಯಾಗಿ ಹಿಂದಕ್ಕೆಳೆದುಕೊಂಡು, ಮತ್ತೆ ಮುಂದಿಟ್ಟರು.

"ತಿನ್ಬಹುದು ಸಾರ್, ಲೆಕ್ಕ ಹಾಕ್ಕೊಂಡು ತಿಂತೀವಿ," ಎಂದಳು ಮರಿಸಾ. ತೂತುತೂತಾದ ಬೆರಳ ತುದಿಗಳನ್ನು ತೋರಿಸಿದಳು. ಅವರು ಕನ್ನಡಕ ಏರಿಸಿ ಒಂದೊಂದನ್ನೂ ನೋಡಿದರು.

"ನಿನ್ನ ಕಷ್ಟ ನಂಗೆ ಅರ್ಥ ಆಗತ್ತೆ, ಮಗು. ಆದ್ರೆ ಆ ಭ್ರೂಣಗಳೂ ಒಂದು ಜೀವ ಅಂತ ಬಹಳ ಜನ ನಂಬಿದಾರೆ. ನಾನೂ ನಂಬ್ತೀನಿ. ನೀನೇನಂತೀಯ?"

ಅವಳು ಏನು ಹೇಳಲಿದ್ದಾಳೆಂದು ಜೋಸೆಟ್‌ಗೆ ಮಗಳ ಮುಖ ನೋಡಿದೊಡನೆ ತಿಳಿದುಹೋಯಿತು. ಕೈ ಹಿಡಿದೆಳೆಯಬೇಕೆಂದುಕೊಂಡಳು, ಕೈ ಏಳಲಿಲ್ಲ.

"ನಮ್ಮಮ್ಮಂದೇ ಮೂರಿದೆ ಸಾರ್. ನಾನೂ ಅವೂ ಒಂದೇ ದಿನದವ್ರು. ನಾನು ಹೊರಗೆ ಬಂದೆ, ಅವ್ರು ಒಳಗೇ ಉಳಿದ್ರು. ನನ್ನ ಒಳಗಿಟ್ಟು ಅವ್ರಲ್ಲೊಬ್ರನ್ನ ಹೆತ್ತಿದ್ರೆ, ಅವ್ರಿಗೆ ಈ ಕಾಯಿಲೆ ಬಂದಿದ್ರೆ, ನನ್ನ ತಗೊಳ್ಳಿ ಅಂತಿದ್ದೆ."

"ಅವ್ರೂ ಹಾಗೇ ಅಂತಾರೆ ಅಂತ ನಿಂಗೆ ಹೇಗೆ ಗೊತ್ತು?" ಅವರ ದನಿಯಲ್ಲಿ ಕೊಂಕಿರಲಿಲ್ಲ.

ಮರಿಸಾ ಬಿಸ್ಕತ್ತನ್ನು ಎರಡು ಮಾಡಿದಳು. "ಗೊತ್ತಿಲ್ಲ ಸಾರ್. ಆದ್ರೆ ಮಲಗೋಕೆ ನಂಗೆ ಹೆದರಿಕೆ ಆಗತ್ತೆ. ಅದು ಗೊತ್ತು."

ಭಯವೆಲ್ಲ ತನ್ನ ಪಾಲಿನದು, ಮಗಳು ನಿಶ್ಚಿಂತೆಯಿಂದ ಇದ್ದಾಳೆ ಎಂದೇ ಜೋಸೆಟ್ ಇಷ್ಟು ವರ್ಷ ಅಂದುಕೊಂಡಿದ್ದಳು. ಹುಡುಗಿಯ ದಿಟ್ಟ ಮಾತುಗಳೆಲ್ಲ ತನ್ನನ್ನು ಸಮಾಧಾನಪಡಿಸಲು ಆಡಿದವೇನೋ ಎನಿಸಿತು.

ಮಾರನೆಯ ದಿನ ಬೆಳಿಗ್ಗೆ ಆ ಮಾತು ರೇಡಿಯೋದಲ್ಲಿ ಬಂತು, ಹೆಸರು ಊರು ಸಮೇತ. ಟೈರ್ ಅಂಗಡಿಯಿಂದ ಚಾರ್ಲಿ ಕ್ಯಾನ್‌ಬೆರಾಕ್ಕೆ ಫೋನ್ ಮಾಡಿದ. "ಜೋಸ್, ಅಮ್ಮ ಕೇಳಿಸ್ಕೊಂಡಿದಾಳೆ. ಫೋನ್ ಎತ್ತಿದ್ರೆ ಬರೀ ಉಸಿರಾಡ್ತಾಳೆ, ಮಾತಿಲ್ಲ."

ತಾಯಿ ಮಗಳು ಮನೆ ತಲುಪಿದ್ದು ಮಧ್ಯಾಹ್ನ. ಜೋಸೆಟ್ ಗಡಿಬಿಡಿಯಲ್ಲಿ ಪಾಸ್ತಾ ಬೇಯಿಸಿದಳು. ಮರಿಸಾ ಮೀಟರ್ ನೋಡಿಕೊಂಡು, ಊಟಕ್ಕೆ ತಕ್ಕ ಇನ್ಸುಲಿನ್ ಚುಚ್ಚಿಕೊಂಡು, ಮುಳ್ಳುಚಮಚ ಎತ್ತಿದಳು. ಅಷ್ಟರಲ್ಲಿ ಹಿತ್ತಿಲ ಬಾಗಿಲು ತೆರೆಯಿತು. ಅಂದು ಕರ್ಮೆನಾಳ ಕೈಯಲ್ಲಿ ಸಾರಿನ ಪಾತ್ರೆಯಿರಲಿಲ್ಲ.

"ನಾನು ಬರಿಗಾಲಲ್ಲಿ ಹತ್ತಿದ್ದು ಯಾವ ಗುಡ್ಡ?" ಎಂದಳು, ಬಾಗಿಲಲ್ಲೇ ನಿಂತು. "ಹೇಳು. ಕಾಲೆಲ್ಲ ರಕ್ತ ಮಾಡ್ಕೊಂಡು ಹತ್ತಿದ್ನಲ್ಲ. ನೀವಿಬ್ರೂ ಮನೇಲಿ ನಗ್ತಿದ್ರಾ?"

"ನಾನೇ ಹೇಳಿದ್ದು ಅಜ್ಜಿ, ಅಮ್ಮಂಗೆ ಬೈಬೇಡ," ಎಂದಳು ಮರಿಸಾ.

"ನೀನು ಒಳಗೆ ಹೋಗು."

ಮರಿಸಾ ಕುರ್ಚಿ ಕೆಡವಿ ಎದ್ದು, ಕೋಣೆಯ ಬಾಗಿಲನ್ನು ಬಡಿದು ಹಾಕಿಕೊಂಡಳು.

"ಅತ್ತೆ, ಯಾರೂ ನಗ್ಲಿಲ್ಲ. ನಿಮಗೆ ನೋವಾಗತ್ತೆ ಅಂತ..."

"ನೋವಾಗತ್ತೆ ಅಂತ! ಹನ್ನೆರಡು ವರ್ಷ ನಾನು ಮಾತೆಗೆ ಕೈ ಮುಗೀತಿದ್ರೆ, ಹುಚ್ಚು ಮುದುಕಿ ಅಂದ್ಕೊಂಡ್ರಿ. ಹೋಗ್ಲಿ, ಅದು ನನ್ನ ಹಣೆಬರಹ. ಆದ್ರೆ ಆ ಮೂರು? ನನ್ನ ಮೊಮ್ಮಕ್ಕಳು ಕೋಳಿ ಮಾಂಸದ ಹಾಗೆ ಫ್ರಿಜ್ಜಲ್ಲಿ? ಅದನ್ನ ಕುಯ್ಯೋಕೆ ಕೊಡ್ತೀಯಾ?"

"ನಾನಿನ್ನೂ ಏನೂ ತೀರ್ಮಾನ ಮಾಡಿಲ್ಲ ಅತ್ತೆ!"

"ನಂಗೆ ಕೊಡು. ನಿಮ್ಮ ಮಾವನ ಪಕ್ಕ ಹೂಳ್ತೀನಿ. ಹೆಸರಿಟ್ಟು ಹೂಳ್ತೀನಿ. ಒಂದಕ್ಕೆ ಕತರೀನಾ ಅಂತ..."

"ಬೇಡಿ!" ಜೋಸೆಟ್ ಓಡಿಬಂದು ಅತ್ತೆಯ ಬಾಯಿಗೇ ಕೈ ಅಡ್ಡ ಹಿಡಿದಳು. "ಹೆಸರಿಡ್ಬೇಡಿ. ನಿಮ್ಮ ದಮ್ಮಯ್ಯ. ಹೆಸರಿಟ್ರೆ ನಾನು ಬದುಕಲ್ಲ."

ಇಬ್ಬರೂ ಹಾಗೇ ನಿಂತರು, ಏದುಸಿರು ಬಿಡುತ್ತಾ. ಆಮೇಲೆ ಕರ್ಮೆನಾ ಅಳತೊಡಗಿದಳು. ಜೋಸೆಟ್ ಅವಳನ್ನು ಕೂರಿಸಿ ನೀರು ಕೊಟ್ಟಳು, ತಾನೂ ಅತ್ತಳು. ಮತ್ತೆ ಮಾತಿಗೆ ಮಾತು ಬೆಳೆಯಿತು, ಮತ್ತೆ ಅಳು. ಎಷ್ಟು ಹೊತ್ತಾಯಿತೋ. ಕಣ್ಣೊರೆಸಿಕೊಂಡು ತಿರುಗಿದಾಗ ಜೋಸೆಟ್‌ಗೆ ಮೇಜಿನ ಮೇಲಿನ ತಟ್ಟೆ ಕಂಡಿತು. ಪಾಸ್ತಾ ಮುಟ್ಟದೆ ಹಾಗೇ ಆರಿತ್ತು. ಪಕ್ಕದಲ್ಲಿ ಖಾಲಿ ಸೂಜಿ.

ಇನ್ಸುಲಿನ್ ಒಳಗೆ ಹೋಗಿದೆ. ಊಟ ಹೋಗಿಲ್ಲ. ಮನೆಯಲ್ಲಿ ಸದ್ದಿಲ್ಲ.

ಈ ಬಾರಿ ಅವಳು ಬಾಗಿಲ ಮುಂದೆ ನಿಲ್ಲಲಿಲ್ಲ. ಮರಿಸಾ ಮಂಚ ಮತ್ತು ಗೋಡೆಯ ನಡುವೆ ಬಿದ್ದಿದ್ದಳು. ಕಣ್ಣು ಅರ್ಧ ತೆರೆದು ಬಿಳಿಯಾಗಿತ್ತು, ಕೈಕಾಲು ಸೆಟೆದು ಹೊಡೆದುಕೊಳ್ಳುತ್ತಿದ್ದವು, ಅಂಗಿ ಬೆವರಿಗೆ ಒದ್ದೆಯಾಗಿ ಮೈಗಂಟಿತ್ತು. ಬಾಯಿಂದ ಬರುತ್ತಿದ್ದ ಸದ್ದು ಮನುಷ್ಯರದ್ದೆನಿಸಲಿಲ್ಲ.

"ಅತ್ತೆ! ಆಂಬ್ಯುಲೆನ್ಸ್! ಫೋನ್ ಮಾಡಿ!"

ಸಕ್ಕರೆ ಏರಿಸುವ ತುರ್ತು ಚುಚ್ಚುಮದ್ದಿನ ಕಿತ್ತಳೆ ಬಣ್ಣದ ಡಬ್ಬಿ ಕಪಾಟಿನಲ್ಲೇ ಇತ್ತು. ಸೂಜಿಯಲ್ಲಿನ ನೀರನ್ನು ಪುಡಿಯ ಶೀಶೆಗೆ ಬಿಟ್ಟು, ಕಲಸಿ, ಮತ್ತೆ ಎಳೆದುಕೊಂಡು ಚುಚ್ಚಬೇಕು. ಕಿತ್ತಳೆ ಹಣ್ಣಿಗೆ ಚುಚ್ಚಿ ಚುಚ್ಚಿ ಕಲಿತದ್ದು. ಈಗ ಶೀಶೆಯ ಬಾಯಿಗೆ ಸೂಜಿ ಸಿಗಲೊಲ್ಲದು. ಕರ್ಮೆನಾ ಫೋನಿನಲ್ಲಿ ವಿಳಾಸ ಕೂಗಿ ಬಂದವಳು ಬಾಗಿಲಲ್ಲಿ ಒಂದು ಕ್ಷಣ ಕಲ್ಲಾಗಿ ನಿಂತಳು. ಆಮೇಲೆ ನೆಲಕ್ಕೆ ಬಿದ್ದು, ತನ್ನ ಮೈಯಿಡೀ ಹಾಕಿ ಮೊಮ್ಮಗಳ ಕಾಲುಗಳನ್ನು ಒತ್ತಿ ಹಿಡಿದಳು.

"ಚುಚ್ಚು!" ಎಂದಳು. "ನಾನು ಹಿಡ್ಕೊಂಡಿದೀನಿ. ಚುಚ್ಚೇ!"

ಜೋಸೆಟ್ ತೊಡೆಗೆ ಚುಚ್ಚಿದಳು. ಕರ್ಮೆನಾ ಮುಖ ತಿರುಗಿಸಲಿಲ್ಲ. ಆಮೇಲೆ ಕಾಯುವುದು. ಹುಡುಗಿಯ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಜೋಸೆಟ್ ಅವಳ ತುಟಿಗಳನ್ನೇ ನೋಡುತ್ತಾ ಕುಳಿತಳು. ದೇವರನ್ನು ಬೇಡಿಕೊಳ್ಳಲು ಅವಳಿಗೆ ಭಯ. ಬೇಡಿದರೆ ಏನನ್ನು ಬದಲಿಗೆ ಕೇಳುತ್ತಾನೋ ಎಂದು. ಹೊಡೆತ ನಿಂತಿತು. ಉಸಿರು ಗೊರಗೊರ ಎಂದಿತು. ಆಂಬ್ಯುಲೆನ್ಸಿನವರು ಒಳಗೆ ಬರುವ ಹೊತ್ತಿಗೆ ಮರಿಸಾ ವಾಂತಿ ಮಾಡಿಕೊಂಡು, "ತಲೆ ನೋಯ್ತಿದೆ" ಎಂದಳು. ಅಷ್ಟು ಸಿಹಿಯಾದ ಮಾತನ್ನು ಜೋಸೆಟ್ ಅದುವರೆಗೆ ಕೇಳಿರಲಿಲ್ಲ.

ಆಸ್ಪತ್ರೆಯ ಹಜಾರದಲ್ಲಿ ಅತ್ತೆ ಸೊಸೆ ಅಕ್ಕಪಕ್ಕ ಕುಳಿತರು. ಚಾರ್ಲಿ ಒಳಗೆ ಮಗಳ ಬಳಿ ಇದ್ದ. ಕರ್ಮೆನಾಳ ಕಾಲುಚೀಲ ಮಂಡಿಯ ಹತ್ತಿರ ಹರಿದಿತ್ತು.

"ಜೋಸ್," ಎಂದಳು, "ದಿನಾ ಹೀಗೇನಾ?"

"ದಿನಾ ಹೀಗಾಗಲ್ಲ ಅತ್ತೆ. ಇವತ್ತು ಹೀಗಾಗತ್ತೇನೋ ಅಂತ ದಿನಾ ಇರತ್ತೆ."

ಕರ್ಮೆನಾ ತಲೆದೂಗಿದಳು. "ಆದ್ರೂ ನಾನು ಮೇಜು ಬಿಡಲ್ಲ. ಭಾನುವಾರ ಅಲ್ಲೇ ಇರ್ತೀನಿ."

"ಇರಿ."

"ನಾನು ಯೋಚ್ನೆ ಮಾಡ್ದೆ. ಮಾತೆ ಆ ಡಾಕ್ಟರ್ ಕೈಯಿಂದ ಮಾಡ್ಸಿದಾಳೆ, ಅಷ್ಟೆ. ಹರಕೆ ಸುಳ್ಳಾಗ್ಲಿಲ್ಲ. ಆದ್ರೆ ಇವಳನ್ನ ಅವಳೇ ಕೊಟ್ಟಿದ್ರೆ, ಆ ಮೂರನ್ನೂ ಅವಳೇ ಕೊಟ್ಟಿರೋದು. ಅದಕ್ಕೇ ನಂಗೆ ಆಗಲ್ಲ." ಸೊಸೆಯ ಕಡೆ ತಿರುಗಿ, "ನಿಂಗೆ ನನ್ನ ಮೇಲೆ ಸಿಟ್ಟಿಲ್ವಾ?"

"ಸಿಟ್ಟು ಮಾಡ್ಕೊಳ್ಳೋಕೆ ನಂಗೆ ಜಾಗ ಎಲ್ಲಿದೆ ಅತ್ತೆ?"

ಮುದುಕಿ ಸೊಸೆಯ ಕೈ ತೆಗೆದುಕೊಂಡು ತನ್ನ ಮಡಿಲಲ್ಲಿಟ್ಟುಕೊಂಡಳು.

ಡಿಸೆಂಬರಿನಲ್ಲಿ ಮಸೂದೆ ಪಾಸಾಯಿತು. ಆ ಮೆತ್ತಗಿನ ದನಿಯ ಸೆನೆಟರ್ ವಿರುದ್ಧವೇ ಮತ ಹಾಕಿದರು. ಕಡೆಗಾಲದವರೆಗೂ ತನಗೆ ಆ ಹುಡುಗಿಯ ಬೆರಳುಗಳು ಕಣ್ಣಮುಂದೆ ಇರುತ್ತವೆಂದು ಸದನದಲ್ಲಿ ಹೇಳಿದರಂತೆ.

ಜೋಸೆಟ್, ಚಾರ್ಲಿ ತೀರ್ಮಾನಿಸಲು ಇನ್ನೂ ಒಂದು ವರ್ಷ ಹಿಡಿಯಿತು. ಕ್ಲಿನಿಕ್ಕಿನ ಹೊರಗೆ ಕಾರಿನಲ್ಲಿ ಕುಳಿತು ಚಾರ್ಲಿ ಹೇಳಿದ, "ಕೊಟ್ರೆ ತಪ್ಪು ಅನ್ಸತ್ತೆ. ಎಸೆದ್ರೆ ಇನ್ನೂ ದೊಡ್ಡ ತಪ್ಪು ಅನ್ಸತ್ತೆ. ಬೇರೆ ಯಾರಿಗಾದ್ರೂ ಹೆರೋಕೆ ಕೊಟ್ರೆ, ಎಲ್ಲೋ ಟ್ರಾಮಲ್ಲಿ ಮರಿಸಾ ಮುಖದ ಮಗು ಕಾಣತ್ತೆ. ಅದಕ್ಕೂ ಈ ಕಾಯಿಲೆ ಇರತ್ತೇನೋ. ಅದನ್ನ ನಾನು ತಡ್ಕೊಳ್ಳಲ್ಲ ಜೋಸ್."

"ಹಾಗಾದ್ರೆ?"

"ನೀನು ಹೇಳು."

"ನಂಗೂ ಹೆದರಿಕೆನೇ," ಎಂದಳು. "ಬಾ, ಹೋಗೋಣ." ಸಂಶೋಧನೆಗೆ ಕೊಟ್ಟು ಬಂದರು. ಸಂಜೆಯೇ ಜೋಸೆಟ್ ಹಿಂದಿನ ಬೀದಿಗೆ ಹೋಗಿ ಅತ್ತೆಗೆ ಹೇಳಿದಳು. ಇನ್ನೊಂದು ಹನ್ನೆರಡು ವರ್ಷ ಮುಚ್ಚಿಡುವ ಚೈತನ್ಯ ಅವಳಲ್ಲಿರಲಿಲ್ಲ. ಕರ್ಮೆನಾ ಎದ್ದು ಒಳಗೆ ಹೋದಳು. ಈಸ್ಟರ್‌ವರೆಗೆ ಈ ಮನೆಗೆ ಬರಲಿಲ್ಲ. ಮರಿಸಾ ಮಾತ್ರ ದಿನವೂ ಹೋಗಿ ಸಾರು ಕುಡಿದು ಬರುತ್ತಿದ್ದಳು.

ಕೊನೆಗೊಂದು ದಿನ ಪ್ರಯೋಗಾಲಯದಿಂದ ಸುದ್ದಿ ಬಂತು. ಕರಗಿಸುವಾಗಲೇ ಎರಡು ಹೋದವು. ಮೂರನೆಯದು ಕೆಲವು ದಿನ ಬೆಳೆದು ನಿಂತುಹೋಯಿತು. ಅವುಗಳಿಂದ ಯಾವ ಕೋಶವೂ ಸಿಗಲಿಲ್ಲ. ಹೀಗಾಗುವುದೇ ಹೆಚ್ಚು, ಬೇಸರ ಮಾಡಿಕೊಳ್ಳಬೇಡಿ ಎಂದಿತು ಫೋನಿನ ದನಿ.

ಕರ್ಮೆನಾ ಹಿತ್ತಿಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಕೇಳಿ, ಸಿಪ್ಪೆ ಕೆಳಗಿಟ್ಟಳು. "ಅವಕ್ಕೆ ನೋವಾಯ್ತಾ?"

"ಇಲ್ಲ ಅತ್ತೆ. ನೋವು ತಿಳಿಯೋಷ್ಟು ಬೆಳೆದಿರ್ಲಿಲ್ಲ."

"ನೀನು ಕೇಳಿದ್ಯಾ?"

"ಮೊದಲು ಕೇಳಿದ್ದೇ ಅದನ್ನ."

ಮುಂದಿನ ವಾರ ಕರ್ಮೆನಾ ಮನೆಯ ಸತ್ತವರಿಗೆಂದು ಒಂದು ಪೂಜೆ ಹೇಳಿಸಿದಳು. ಯಾರೆಂದು ಪಾದ್ರಿಗೆ ತಿಳಿಸಲಿಲ್ಲ. ಜೋಸೆಟ್ ಅವಳ ಪಕ್ಕದಲ್ಲಿ ಮಂಡಿಯೂರಿದಳು.

ಮರಿಸಾಗೆ ಹದಿನಾರು ತುಂಬಿದ ಮೇಲೆ ಕಾರು ಕಲಿಯಲು ಅನುಮತಿ ಸಿಕ್ಕಿತು. ಹೊರಡುವ ಮುನ್ನ ಬೆರಳು ಚುಚ್ಚಿ ನೋಡಲೇಬೇಕೆಂದು ಡಾಕ್ಟರ್ ಕರಾರು ಹಾಕಿದ್ದರು. ಮೊದಲ ದಿನ ಜೋಸೆಟ್ ಮುಂದೆ ಕುಳಿತಳು. ಹಿಂದಿನ ಸೀಟಿನಲ್ಲಿ ಕರ್ಮೆನಾ, ಮಡಿಲಲ್ಲಿ ಜ್ಯೂಸ್ ಡಬ್ಬಿಗಳ ಚೀಲ.

"ಅಜ್ಜಿ, ನಾವು ಇಲ್ಲೇ ಪಕ್ಕದ ಕೀಲರ್‌ಗೆ ಹೋಗ್ತಿರೋದು, ಮರುಭೂಮಿಗಲ್ಲ."

"ನೀನು ರಸ್ತೆ ನೋಡು. ಜ್ಯೂಸ್ ವಿಷಯ ನಂಗೆ ಬಿಡು."

ಕಾರು ಹೊರಟಿತು. ಜೋಸೆಟ್ ಮಗಳ ಹಣೆಯಲ್ಲಿ ಬೆವರಿದೆಯೇ ಎಂದು ನೋಡುತ್ತಿದ್ದಳು. ಹನಿಯೊಂದು ಕಂಡಿತು. ಬಿಸಿಲಿಗೋ, ಹೊಸತಾಗಿ ಗಾಡಿ ಹಿಡಿದ ಅಂಜಿಕೆಗೋ, ಇಲ್ಲಾ...

"ಅಮ್ಮಾ, ನನ್ನ ಮುಖ ನೋಡ್ಬೇಡ. ಲಾರಿ ಬರ್ತಿದ್ರೆ ಹೇಳು."

ಮುಂದೆ ದೊಡ್ಡ ವೃತ್ತ, ನಾಲ್ಕೂ ಕಡೆಯಿಂದ ವಾಹನಗಳು. ಮರಿಸಾ ಬ್ರೇಕ್ ಒತ್ತಿ ನಿಂತಳು. ಹಿಂದಿನವನು ಹಾರ್ನ್ ಹೊಡೆದ. ಜೋಸೆಟ್ ಸೀಟಿನ ಅಂಚನ್ನು ಬಿಗಿಯಾಗಿ ಹಿಡಿದು, ಮಗಳ ಮುಖದಿಂದ ಕಣ್ಣು ಕಿತ್ತು ಬಲಗಡೆಗೆ ನೋಡಿದಳು.

"ಒಂದು ಬಿಳಿ ಕಾರು ಬರ್ತಿದೆ," ಎಂದಳು. "ಹೋಯ್ತು. ಈಗ ಯಾರೂ ಇಲ್ಲ. ಹೋಗು."

ಮರಿಸಾ ಹೋದಳು.